ಜಾಮೀನು ಹಾಕಿದ ದೇಶ

ತಾನು ಮುಳುಗಿದ್ದೀನಿ ಅನ್ನೋದು ಒಂದು ದೇಶಕ್ಕೆ ಹೇಗೆ ಗೊತ್ತಾಗುತ್ತೆ? ಐರ್ಲೆಂಡಿಗೆ ಗೊತ್ತಾಗಿದ್ದು ರೇಡಿಯೋದಲ್ಲಿ. 2010ರ ನವೆಂಬರ್ 18, ಗುರುವಾರ ಬೆಳಿಗ್ಗೆ. ಅದಕ್ಕೂ ಮುಂಚಿನ ನಾಲ್ಕೈದು ದಿನ ಅಲ್ಲಿನ ಮಂತ್ರಿಗಳು ಕ್ಯಾಮೆರಾ ಮುಂದೆ ನಿಂತು, ನಾವು ಯಾರ ಹತ್ತಿರಾನೂ ಸಾಲ ಕೇಳ್ತಾ ಇಲ್ಲ, ಇದೆಲ್ಲ ಕಟ್ಟುಕಥೆ ಅಂತ ಹೇಳಿಕೊಂಡು ಬಂದಿದ್ದರು. ಅವತ್ತು ಅವರದೇ ಸೆಂಟ್ರಲ್ ಬ್ಯಾಂಕಿನ ಗವರ್ನರ್ ಪ್ಯಾಟ್ರಿಕ್ ಹೊನೊಹನ್ ಜರ್ಮನಿಯ ಫ್ರಾಂಕ್‌ಫರ್ಟಿನಿಂದ ಆರ್‌ಟಿಇ ರೇಡಿಯೋಗೆ ಫೋನ್ ಮಾಡಿ, ಹತ್ತಾರು ಬಿಲಿಯನ್ ಯೂರೋ ಸಾಲ ಬರೋದಿದೆ ಅಂತ ತಣ್ಣಗೆ ಹೇಳಿಬಿಟ್ಟರು. ಅಪ್ಪ ಬಾಗಿಲಲ್ಲಿ ನಿಂತು 'ನಮಗೇನೂ ತೊಂದರೆ ಇಲ್ಲ ಹೋಗ್ರಿ' ಅಂತಿರುವಾಗ, ಪೇಟೆಯಲ್ಲಿರೋ ಮಗ ಪಕ್ಕದ ಮನೆಗೆ ಫೋನ್ ಮಾಡಿ ನಿಜ ಹೇಳಿದ ಹಾಗೆ.

ಅದೇ ದಿನ 'ದಿ ಐರಿಷ್ ಟೈಮ್ಸ್' ಒಂದು ಸಂಪಾದಕೀಯ ಬರೆದಿತ್ತು. ತಲೆಬರಹ ಯೇಟ್ಸ್ ಕವಿಯ ಪದ್ಯದ್ದು. 1916ರ ಈಸ್ಟರ್ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ನಿಂತು ಪ್ರಾಣ ಕೊಟ್ಟವರು, ಜರ್ಮನಿಯ ಚಾನ್ಸೆಲರ್ ಮುಂದೆ ಕೈಯೊಡ್ಡಿ, ಪಕ್ಕದಲ್ಲಿ ಬ್ರಿಟನ್ನಿನವರ ಕನಿಕರದ ಚಿಲ್ಲರೆಯನ್ನೂ ಇಸ್ಕೊಳ್ಳೋ ಈ ದಿನಕ್ಕಾಗಿಯೇ ಸತ್ತರಾ ಅನ್ನೋದು ಅದರ ಪ್ರಶ್ನೆ. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಆ ಪೇಪರು ಮಧ್ಯಾಹ್ನದವರೆಗೂ ಟೇಬಲ್ ಮೇಲೆ ಬೋರಲು ಬಿದ್ದಿತ್ತು. ಓದಿದವರೆಲ್ಲ ಮುಖಪುಟ ಕೆಳಗೆ ಮಾಡಿ ಇಡ್ತಿದ್ದರು.

ನಾನು ಡಬ್ಲಿನ್‌ಗೆ ಹೋಗಿ ಆಗಿನ್ನೂ ಆರು ವಾರ. ಯಾಕೆ ಹೋಗಿದ್ದೆ ಅಂತ ಸಾಫ್ಟ್‌ವೇರಿನವರಿಗೆ ಎರಡಕ್ಷರದಲ್ಲಿ ಹೇಳಬಹುದು: ಕೆಟಿ. ನಾಲೆಡ್ಜ್ ಟ್ರಾನ್ಸ್‌ಫರ್. ಉಳಿದವರಿಗೆ ಬಿಡಿಸಿ ಹೇಳಬೇಕು. ಹತ್ತು ಹದಿನೈದು ವರ್ಷದಿಂದ ಒಂದು ಸಿಸ್ಟಮ್ಮನ್ನ ಮಗು ಥರ ನೋಡಿಕೊಂಡು ಬಂದವರು ತಮ್ಮ ಕೆಲಸವನ್ನ ನಮಗೆ ಕಲಿಸ್ತಾರೆ, ನಾವು ಅದನ್ನ ಬೆಂಗಳೂರಿಗೆ ಕಟ್ಟಿಕೊಂಡು ಹೋಗ್ತೀವಿ, ಆಮೇಲೆ ಅವರು ಮನೆಗೆ ಹೋಗ್ತಾರೆ. ಕಲಿಸೋರಿಗೂ ಗೊತ್ತು, ಕಲಿಯೋರಿಗೂ ಗೊತ್ತು, ಇಬ್ಬರೂ ಬಾಯಿ ಬಿಡಲ್ಲ.

ನನಗೆ ಕಲಿಸೋಕೆ ಗೊತ್ತು ಮಾಡಿದ್ದವರು ಪಶ್ಚಿಮದ ಮೇಯೋ ಕೌಂಟಿಯವರು, ಐವತ್ತೈದರ ಆಸುಪಾಸು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯೋದು. ನಮ್ಮಪ್ಪನ ವಯಸ್ಸಿನವರನ್ನ ಹಾಗೆ ಕರೆಯೋಕೆ ನನ್ನ ನಾಲಗೆ ಹೊರಳ್ತಿರಲಿಲ್ಲ, ಮನಸ್ಸಲ್ಲೇ 'ಮೇಷ್ಟ್ರು' ಅಂತ ಇಟ್ಟುಕೊಂಡೆ. ಎದುರು ಸೀಟಿನಲ್ಲಿ ಕಾರ್ಕ್ ಊರಿನ ಒಬ್ಬಾಕೆ, ನನಗಿಂತ ಆರೇಳು ವರ್ಷ ದೊಡ್ಡವಳು, ಬಾಯಿ ಜೋರು. ಅವಳು 'ಅಕ್ಕ'. ಇಬ್ಬರ ಕೆಲಸಾನೂ ನನ್ನ ಕೆಟಿ ಪಟ್ಟಿಯಲ್ಲಿತ್ತು.

ಮೊದಲನೇ ದಿನ ಮೇಷ್ಟ್ರು ಹೇಳಿದ ಮೊದಲ ಮಾತು ಕೋಡಿನ ಬಗ್ಗೆ ಅಲ್ಲ. 'ನೀನು ಬಂದ ಹೊತ್ತು ಚೆನ್ನಾಗಿಲ್ಲ ಕಣಯ್ಯ. ಐದು ವರ್ಷ ಮುಂಚೆ ಬಂದಿದ್ರೆ ಈ ಊರು ನೋಡಬೇಕಿತ್ತು' ಅಂದರು. ಅದರಲ್ಲಿ ಕೋಪ ಇರಲಿಲ್ಲ, ಸಂಕೋಚ ಇತ್ತು. ಬರಗಾಲದ ವರ್ಷ ಮನೆಗೆ ನೆಂಟರು ಬಂದರೆ ನಮ್ಮಮ್ಮ ಮಜ್ಜಿಗೆ ನೀರಾಗಿದೆ ಅಂತ ಹತ್ತು ಸಲ ಹೇಳ್ತಿದ್ದಳಲ್ಲ, ಅದೇ ಸಂಕೋಚ. ನೆಂಟ ಬಂದಿರೋದೇ ಕೊಟ್ಟಿಗೆಯ ಹಸು ಹೊಡಕೊಂಡು ಹೋಗೋಕೆ ಅನ್ನೋದು ಬೇರೆ ಮಾತು.

ಏನಾಗಿತ್ತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ಹೇಳ್ತೀನಿ. ಐರ್ಲೆಂಡ್ ನೂರೈವತ್ತು ವರ್ಷ ಜನರನ್ನ ಹಡಗು ಹತ್ತಿಸಿಯೇ ಬದುಕಿದ ದೇಶ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು. 1980ರ ದಶಕದಲ್ಲೂ ಡಿಗ್ರಿ ಮುಗಿಸಿದ ಹುಡುಗರು ಲಂಡನ್, ಬಾಸ್ಟನ್ ಕಡೆ ಹೋಗ್ತಾನೇ ಇದ್ದರು. ಆಮೇಲೆ 1990ರ ದಶಕದ ನಡುವಿನಿಂದ ಕಾಲ ತಿರುಗಿತು. ಅಮೆರಿಕದ ಕಂಪನಿಗಳು ಬಂದವು, ದೇಶಕ್ಕೆ 'ಕೆಲ್ಟಿಕ್ ಟೈಗರ್' ಅಂತ ಹೆಸರು ಬಂತು. ಮೊದಲ ಸಲ, ಹೊರಗಿನವರು ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. ಇಲ್ಲೀವರೆಗೂ ನಿಜವಾದ ದುಡಿಮೆ. ಇಸವಿ 2000 ದಾಟಿದ ಮೇಲೆ ಅದು ನಿಧಾನಕ್ಕೆ ಮನೆ ಕಟ್ಟೋ ಹುಚ್ಚಾಯಿತು. ಬ್ಯಾಂಕುಗಳು ಯುರೋಪಿನಿಂದ ಅಗ್ಗದ ಸಾಲ ತಂದು ಬಿಲ್ಡರುಗಳಿಗೆ ಸುರಿದವು. ಮೇಷ್ಟ್ರ ಪಕ್ಕದ ಮನೆಯವನು ಬಲ್ಗೇರಿಯಾದಲ್ಲಿ ಫ್ಲ್ಯಾಟ್ ಕೊಂಡಿದ್ದನಂತೆ, ನೋಡದೇನೆ.

ಇಂಥವರಿಗೆ ಐರಿಷರಲ್ಲಿ ಒಂದು ಬೈಗುಳ ಇದೆ: ಅವನಿಗೆ 'ನೋಶನ್ಸ್' ಬಂದಿದೆ ಅಂತಾರೆ. ಅಕ್ಕ ಇದನ್ನ ನನಗೆ ವಿವರಿಸೋಕೆ ಹತ್ತು ನಿಮಿಷ ಒದ್ದಾಡಿದಳು. ನಾನು ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅನ್ನೋ ನಮ್ಮ ಗಾದೆಯನ್ನ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳು ಒಂದು ನಿಮಿಷ ಯೋಚಿಸಿ, 'ಆದ್ರೆ ಇಲ್ಲಿ ಅರ್ಧರಾತ್ರೀಲೂ ಮಳೆ ಬರುತ್ತಲ್ಲ' ಅಂದಳು.

2008ರ ಸೆಪ್ಟೆಂಬರ್ 29ರ ರಾತ್ರಿ ಆ ದೇಶದ ಹಣೆಬರಹ ನಿರ್ಧಾರವಾಯಿತು. ಬ್ಯಾಂಕುಗಳು ಮುಳುಗೋ ಹಂತಕ್ಕೆ ಬಂದಿದ್ದವು. ಪ್ರಧಾನಿ ಬ್ರಯನ್ ಕೋವೆನ್, ಹಣಕಾಸು ಮಂತ್ರಿ ಬ್ರಯನ್ ಲೆನಿಹನ್ ಮತ್ತೆ ಒಂದಷ್ಟು ಅಧಿಕಾರಿಗಳು ರಾತ್ರಿಯಿಡೀ ಕೂತು, ಬೆಳಗಾಗೋ ಹೊತ್ತಿಗೆ ಆರು ಬ್ಯಾಂಕುಗಳ ಹೊಣೆಯನ್ನೆಲ್ಲ ಸರ್ಕಾರದ ತಲೆ ಮೇಲೆ ಹಾಕಿಕೊಂಡರು. ಸುಮಾರು 440 ಬಿಲಿಯನ್ ಯೂರೋ. ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗಿಂತ ಹೆಚ್ಚು. ಜನಸಂಖ್ಯೆಯೋ ಸುಮಾರು 45 ಲಕ್ಷ, ನಮ್ಮ ಬೆಂಗಳೂರಿನ ಅರ್ಧ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಯಾಂಕ್ ಗ್ಯಾರಂಟಿ ಅಂದರು. ನಮ್ಮ ಭಾಷೇಲಿ ಅದರ ಹೆಸರು ಜಾಮೀನು.

ಜಾಮೀನು ಅಂದರೆ ಏನು ಅಂತ ನನಗೆ ಬಿಇ ಓದೋಕೆ ಬಹಳ ಮುಂಚೆನೇ ಗೊತ್ತಿತ್ತು. ತಿಪಟೂರು ಕಡೆಯ ಹಳ್ಳಿ ನಮ್ಮದು, ತೆಂಗಿನ ತೋಟದವರು. ನಮ್ಮ ದೊಡ್ಡಪ್ಪ ತನ್ನ ಗೆಳೆಯನೊಬ್ಬನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರು. ಎರಡು ವರ್ಷ ಮಳೆ ಕೈ ಕೊಡ್ತು, ಗೆಳೆಯ ಬೆಂಗಳೂರು ಸೇರಿದ, ಬ್ಯಾಂಕಿನ ಜೀಪು ನಮ್ಮ ಮನೆ ಮುಂದೆ ಬಂತು. ನಿಂತಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಬಂದವರು ಜೋರಾಗಿ ಮಾತಾಡಲೂ ಇಲ್ಲ, ಕಾಫಿ ಕುಡಿದು ಹೋದರು. ಆದರೆ ಅಟ್ಟದ ಮೇಲೆ ಇನ್ನೂ ಕೊಬ್ಬರಿಯಾಗದ ಕಾಯನ್ನ ಅವಧಿಗೆ ಮುಂಚೆ ಇಳಿಸಿ, ಬಂದ ರೇಟಿಗೆ ಮಾರಿದ್ದು ನನಗೆ ನೆನಪಿದೆ. ದೊಡ್ಡಪ್ಪ ಆ ವರ್ಷ ಜಾತ್ರೆಗೆ ಹೋಗಲಿಲ್ಲ. 'ದುಡ್ಡು ಹೋದ್ರೆ ಹೋಗ್ಲಿ ಕಣ್ಲಾ ಮಗ, ಆ ಜೀಪು ಬೀದಿಯವರೆಲ್ಲ ನೋಡೋ ಹಾಗೆ ನಿಂತ್ಕಂತಲ್ಲ' ಅನ್ನೋದು ಅವರ ಸಂಕಟ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಜಾಮೀನು ಹಾಕಿದೋನು ಏನು ಅಂತ ಗಾದೆ ಮಾಡಿದವರು ಹೇಳಿಲ್ಲ.

ಡಬ್ಲಿನ್ನಿಗೂ ಜೀಪು ಬಂತು. ಜೀಪಿನಲ್ಲಿ ಬಂದವರು ಯಾರು ಅಂದುಕೊಂಡ್ರಿ? ನಮ್ಮವರೇ! ಐಎಂಎಫ್ ತಂಡದ ಮುಖ್ಯಸ್ಥ ಅಜಯ್ ಚೋಪ್ರಾ, ಭಾರತ ಮೂಲದವರು. ಸೆಂಟ್ರಲ್ ಬ್ಯಾಂಕಿನ ಕಡೆಗೆ ಅವರು ಬ್ರೀಫ್‌ಕೇಸ್ ಹಿಡಿದು ನಡೆದುಕೊಂಡು ಹೋಗ್ತಿರೋ, ಫುಟ್‌ಪಾತಿನಲ್ಲಿ ಒಬ್ಬ ಭಿಕ್ಷುಕ ಕೂತಿರೋ ಫೋಟೋ ಆ ವಾರ ಊರೆಲ್ಲ ಹರಿದಾಡಿತು. ಒಂದು ದೇಶದ ಮಾನ ಹೋಗಿದ್ದನ್ನ ಒಂದೇ ಚಿತ್ರದಲ್ಲಿ ತೋರಿಸಿ ಅಂದರೆ ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಾರರು. ಆ ವಾರ ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನ ಮುಖ ನೋಡಿ ನಗೋರು. 'ನಿನ್ನ ಅಂಕಲ್ ನಮ್ಮ ಮನೆಗೆ ಯಾವಾಗ ಬರ್ತಾರೆ?' ಅಂತ ಒಬ್ಬ, 'ನಮ್ಮ ಸೋಫಾ ಬೇಡ ಅಂತ ಹೇಳಯ್ಯ' ಅಂತ ಇನ್ನೊಬ್ಬ. ನಾನು ಮೇಷ್ಟ್ರಿಗೆ 1991ರ ಕಥೆ ಹೇಳಿದೆ. ಭಾರತವೂ ಐಎಂಎಫ್ ಬಾಗಿಲಿಗೆ ಹೋಗಿತ್ತು, ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನ ವಿಮಾನದಲ್ಲಿ ತುಂಬಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡ ಇಡೋಕೆ ಕಳಿಸಿತ್ತು ಅಂತ. ಅವರು ಕಣ್ಣರಳಿಸಿ, 'ಇಂಗ್ಲೆಂಡಿಗಾ? ಅಯ್ಯೋ ಪಾಪ' ಅಂದರು. ಅಡವಿಟ್ಟಿದ್ದಕ್ಕಿಂತ ಯಾರ ಹತ್ತಿರ ಅಡವಿಟ್ಟಿದ್ದು ಅನ್ನೋದೇ ಅವರಿಗೆ ದೊಡ್ಡದಾಗಿ ಕಂಡಿತ್ತು. ಅವತ್ತಿನಿಂದ ನಾವಿಬ್ಬರೂ ಸಲೀಸಾಗಿ ಮಾತಾಡೋಕೆ ಶುರು ಮಾಡಿದೆವು.

ಸಾಲದ ಪ್ಯಾಕೇಜು ಕೊನೆಗೆ 85 ಬಿಲಿಯನ್ ಯೂರೋಗೆ ನಿಂತಿತು, ಅದರಲ್ಲಿ 17.5 ಬಿಲಿಯನ್ ಅವರದೇ ಉಳಿತಾಯದ ದುಡ್ಡು. ಒಂದು ವಿಷಯದಲ್ಲಿ ಮಾತ್ರ ಅವರು ಬಗ್ಗಲಿಲ್ಲ: ಕಂಪನಿಗಳ ಮೇಲಿನ 12.5% ತೆರಿಗೆ. ಏರಿಸಿ ಅಂತ ಫ್ರಾನ್ಸ್ ಎಷ್ಟು ಒತ್ತಿದರೂ ಬಿಡಲಿಲ್ಲ. ಪಿಂಚಣಿಗೆ ಕೈ ಹಾಕಿದರು, ಕನಿಷ್ಠ ಕೂಲಿ ಇಳಿಸಿದರು, ಆ ತೆರಿಗೆ ದರವನ್ನ ಧ್ವಜದ ಹಾಗೆ ಕಾಪಾಡಿಕೊಂಡರು. ಸ್ವಾಭಿಮಾನ ಎಲ್ಲೆಲ್ಲಿ ಹೋಗಿ ಅಡಗಿಕೊಳ್ಳುತ್ತೆ ನೋಡಿ. ಪಕ್ಕದಲ್ಲೇ ಉದಾಹರಣೆ ಇತ್ತು, ಭಯಕ್ಕೂ ಕಾರಣ ಇತ್ತು. ಡೆಲ್ ಕಂಪನಿ 2009ರಲ್ಲಿ ಲಿಮರಿಕ್‌ನಲ್ಲಿ ಸುಮಾರು 1,900 ಕೆಲಸ ತೆಗೆದು, ತಯಾರಿಕೆಯನ್ನ ಪೋಲೆಂಡಿನ ವುಡ್ಜ್‌ಗೆ ಸಾಗಿಸಿತ್ತು. ಬಂದವರು ಹೋಗ್ತಾರೆ ಅಂತ ಅವರಿಗೆ ಗೊತ್ತಿತ್ತು. ನಾನು ಎದುರಿಗೇ ಕೂತಿದ್ದೆನಲ್ಲ.

ನಾಚಿಕೆಯನ್ನ ಅವರು ಜೋಕಿನಲ್ಲಿ ಸುತ್ತಿಡ್ತಿದ್ದರು. ಐಸ್‌ಲ್ಯಾಂಡಿಗೂ ಐರ್ಲೆಂಡಿಗೂ ಏನು ವ್ಯತ್ಯಾಸ? ಒಂದಕ್ಷರ, ಆರು ತಿಂಗಳು. ಇದು ಹಳೇ ಜೋಕು, ನಾನು ಹೋಗೋ ಹೊತ್ತಿಗೆ ಸವೆದಿತ್ತು. ಆ ಸೆಪ್ಟೆಂಬರಿನಲ್ಲಿ ಪ್ರಧಾನಿ ಕೋವೆನ್ ಪಕ್ಷದ ಸಭೆಯ ಮಾರನೇ ಬೆಳಿಗ್ಗೆ ರೇಡಿಯೋ ಸಂದರ್ಶನದಲ್ಲಿ ಗೊಗ್ಗರು ದನಿಯಲ್ಲಿ ಮಾತಾಡಿ, ರಾತ್ರಿ ಕುಡಿದಿದ್ದು ಇಳಿದಿಲ್ಲವಾ ಅನ್ನೋ ಪ್ರಶ್ನೆ ಎದ್ದು, ಇಲ್ಲ ಗಂಟಲು ಕಟ್ಟಿತ್ತು ಅಂತ ಅವರು ಹೇಳಬೇಕಾಗಿ ಬಂದಿತ್ತು. ಸುದ್ದಿ ಅಮೆರಿಕದ ಟಿವಿವರೆಗೂ ಹೋಗಿತ್ತು. ಐರಿಷರು ಅಂದರೆ ಕುಡುಕರು ಅನ್ನೋ ಮಾತಿಗೆ ನೂರು ವರ್ಷದಿಂದ ಸಿಡುಕಿಕೊಂಡು ಬಂದವರಿಗೆ ಇದು ಹೇಗಾಗಿರಬೇಡ! ನವೆಂಬರಿನಲ್ಲಿ ಬಡವರಿಗೆ ಪುಕ್ಕಟೆ ಚೀಸ್ ಹಂಚ್ತೀವಿ ಅಂತ ಕೃಷಿ ಮಂತ್ರಿ ಘೋಷಿಸಿದರು. ಸೊಸೈಟಿ ಮುಂದೆ ಚೀಲ ಹಿಡಿದು ಕ್ಯೂ ನಿಂತು ಬೆಳೆದ ನನಗೆ ಅದರಲ್ಲಿ ನಗೋಂಥದ್ದು ಏನೂ ಕಾಣಲಿಲ್ಲ. ಅಕ್ಕ ಮಾತ್ರ ಒಂದು ವಾರ ಅದನ್ನೇ ಹೇಳಿಕೊಂಡು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಬರ್ತಿದ್ದ ನೀರು ನಗುವಿನದೇನಾ ಅಂತ ಒಂದೆರಡು ಸಲ ನನಗೆ ಅನುಮಾನ ಬಂತು. ಅವಳ ಮನೆಯ ಬೆಲೆ ಅವಳ ಸಾಲಕ್ಕಿಂತ ಕೆಳಗಿಳಿದಿತ್ತು.

ಅದೇ ತಿಂಗಳು ಲೆನಿಹನ್ ಟಿವಿಯಲ್ಲಿ, ನ್ಯಾಯವಾಗಿ ಹೇಳಬೇಕು ಅಂದರೆ ನಾವೆಲ್ಲರೂ ಪಾರ್ಟಿ ಮಾಡಿದ್ದೀವಿ ಅನ್ನೋ ಅರ್ಥದ ಮಾತಾಡಿದರು. ಆಫೀಸಿನಲ್ಲಿ ಮೊದಲ ಸಲ ನಿಜವಾದ ಸಿಟ್ಟು ನೋಡಿದೆ. ಜೋಕು ನಿಂತೇಹೋಯಿತು. 'ನಾನು ಯಾವ ಪಾರ್ಟಿಗೆ ಹೋಗಿದ್ದೆ? ಕರೆದಿದ್ದು ಯಾರು?' ಅಂತ ಮೇಷ್ಟ್ರು ಕೇಳಿದರು, ಗೋಡೆ ಕಡೆ ತಿರುಗಿ. ಲೆನಿಹನ್ ಕ್ಯಾನ್ಸರ್ ಇಟ್ಟುಕೊಂಡೇ ಆ ಕೆಲಸ ಮಾಡ್ತಿದ್ದರು, ಮುಂದಿನ ಜೂನಿನಲ್ಲಿ ತೀರಿಕೊಂಡರು, 52 ವರ್ಷ. ಅವರನ್ನ ಬೈದವರೇ ಅವತ್ತು ತಲೆ ತಗ್ಗಿಸಿ ಕೂತಿದ್ದರು. ಆದರೆ ಆ ಒಂದು ಮಾತು ತಪ್ಪು ಅಂತ ನನಗೆ ಈಗಲೂ ಅನಿಸುತ್ತೆ. ಸಾಲ ತಗೊಂಡವನ ಜೊತೆ ಜಾಮೀನುದಾರನನ್ನೂ ಸೇರಿಸಿ 'ನೀವಿಬ್ಬರೂ ಟ್ರ್ಯಾಕ್ಟರ್ ಓಡಿಸಿದ್ರಿ' ಅಂದ ಹಾಗೆ ಅದು.

ಚಳಿಗಾಲ ಕಳೆದ ಮೇಲೆ ಒಂದು ಶನಿವಾರ ಸ್ಲೈಗೋ ಕಡೆ ರೈಲು ಹತ್ತಿದೆ. ಲಾಂಗ್‌ಫರ್ಡ್, ಲೀಟ್ರಿಮ್ ಕಡೆ ಬಂದ ಹಾಗೆ ಹಸಿರು ಹೊಲದ ನಡುವೆ ಬಡಾವಣೆಗಳು ಕಾಣ್ತವೆ. ಬೀದಿ ದೀಪದ ಕಂಬ ಇದೆ, ದೀಪ ಇಲ್ಲ. ಮನೆ ಇದೆ, ಕಿಟಕಿ ಇಲ್ಲ. 2010ರ ಸಮೀಕ್ಷೆಯಲ್ಲಿ ಇಂಥ ಅರೆಬರೆ ಬಡಾವಣೆಗಳು 2,800ಕ್ಕೂ ಹೆಚ್ಚು ಸಿಕ್ಕಿದ್ದವು. ದೆವ್ವದ ಬಡಾವಣೆಗಳು ಅಂತ ಹೆಸರು. ರೈಲಿನಲ್ಲಿ ಎದುರಿಗೆ ಕೂತ ಅಜ್ಜಿಯೊಬ್ಬರು ನಾನು ಫೋಟೋ ತೆಗೆಯೋದು ನೋಡಿ, ಆ ಕಡೆ ಕಿಟಕಿಯಲ್ಲಿ ನದಿ ಕಾಣುತ್ತೆ, ಅಲ್ಲಿ ಬಾ ಅಂತ ಸೀಟು ಬಿಟ್ಟುಕೊಟ್ಟರು.

2011ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರಾಣಿ ಬಂದರು. 1911ರ ನಂತರ ಬ್ರಿಟಿಷ್ ದೊರೆಯೊಬ್ಬರು ಡಬ್ಲಿನ್ನಿಗೆ ಕಾಲಿಟ್ಟಿದ್ದು ಅದೇ ಮೊದಲು. ಯಾರ ವಿರುದ್ಧ ಹೋರಾಡಿ ಸ್ವಾತಂತ್ರ್ಯ ಪಡೆದರೋ ಅವರು, ಜೇಬು ಖಾಲಿಯಾದ ಹೊತ್ತಿನಲ್ಲೇ ಮನೆಗೆ ಬರೋದು! ಆದರೆ ಆಕೆ ಸ್ವಾತಂತ್ರ್ಯಕ್ಕಾಗಿ ಸತ್ತವರ ಸ್ಮಾರಕದ ಮುಂದೆ ತಲೆ ಬಾಗಿಸಿದರು. ಔತಣದ ಭಾಷಣವನ್ನ ಐರಿಷ್ ಭಾಷೆಯ ಐದು ಪದದಿಂದ ಶುರು ಮಾಡಿದರು. ಅಧ್ಯಕ್ಷೆ ಮೇರಿ ಮೆಕಲೀಸ್ ಪಕ್ಕದಲ್ಲೇ ಕೂತು ಬಾಯಿ ತೆರೆದು 'ವಾವ್' ಅಂದಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಹೊರಗಿನಿಂದ ಬಂದ ಸ್ಟಾರು ಬೆಂಗಳೂರಿನ ವೇದಿಕೆ ಮೇಲೆ 'ಎಲ್ಲರಿಗೂ ನಮಸ್ಕಾರ' ಅಂದ ಕೂಡಲೇ ಶಿಳ್ಳೆ ಹೊಡೆಯೋ ನಮ್ಮಂಥವರಿಗೆ ಆ 'ವಾವ್' ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಅಮ್ಮ ಆ ರಾತ್ರಿ ಫೋನಿನಲ್ಲಿ ಅತ್ತಳಂತೆ, ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲವಂತೆ.

ಆ ಬೇಸಿಗೆಯಲ್ಲಿ ಕೆಟಿ ಮುಗಿಯಿತು. ಹನ್ನೊಂದು ಜನರ ಟೀಮಿನಲ್ಲಿ ನಾಲ್ಕು ಜನ ಉಳಿದರು. ಅಕ್ಕ ಉಳಿದಳು, ಮೇಷ್ಟ್ರು ರಿಡಂಡನ್ಸಿ ದುಡ್ಡು ತಗೊಂಡು ಹೊರಟರು. ಕೊನೇ ದಿನ ತಮ್ಮ ಕೈಬರಹದ ನೋಟ್ ಪುಸ್ತಕ ಮೂರನ್ನ ನನ್ನ ಮೇಜಿನ ಮೇಲಿಟ್ಟರು. ಪ್ರಾಜೆಕ್ಟ್ ಡಾಕ್ಯುಮೆಂಟಿನಲ್ಲಿ ಇಲ್ಲದ್ದು ಅದರಲ್ಲಿತ್ತು. ಯಾವ ಬ್ಯಾಚ್ ಜಾಬ್ ವರ್ಷದ ಯಾವ ರಾತ್ರಿ ಕೈ ಕೊಡುತ್ತೆ, ಆಗ ಯಾರಿಗೆ ಫೋನ್ ಮಾಡಬೇಕು, ಅವರ ಹೆಂಡತಿ ಎತ್ತಿದರೆ ಏನು ಹೇಳಬೇಕು ಅನ್ನೋವರೆಗೂ. ಕೊಡಲೇಬೇಕು ಅಂತ ಯಾರೂ ಕೇಳಿರಲಿಲ್ಲ. ಅರ್ಧ ಕಲಿಸಿ ಕಳಿಸೋದು ಅವರಿಗೆ ಮಾನದ ಪ್ರಶ್ನೆಯಾಗಿತ್ತು ಅಂತ ಕಾಣುತ್ತೆ.

ಆ ಸೆಪ್ಟೆಂಬರಿನಲ್ಲಿ ಅವರ ಮಗ, ಸಿವಿಲ್ ಎಂಜಿನಿಯರ್, ಆಸ್ಟ್ರೇಲಿಯಾದ ಪರ್ತ್‌ಗೆ ಹೋದ. ಕಟ್ಟಡ ಕಟ್ಟೋದು ಕಲಿತವನಿಗೆ ಆ ದೇಶದಲ್ಲಿ ಏನು ಕೆಲಸ? ಹಿಂದಿನ ದಿನ ರಾತ್ರಿ ಮನೆಗೆ ಕರೆದಿದ್ದರು. ಹಿಂದೆಲ್ಲ ಅಮೆರಿಕಕ್ಕೆ ಹೋಗೋರಿಗೆ ಹೊರಡೋ ಮುಂಚಿನ ರಾತ್ರಿ ಸತ್ತವರ ಮನೆಯಲ್ಲಿ ಜಾಗರಣೆ ಇದ್ದ ಹಾಗೆ ಕೂತಿರ್ತಿದ್ದರಂತೆ, 'ಅಮೆರಿಕನ್ ವೇಕ್' ಅಂತಲೇ ಹೆಸರು. ಈಗ ಸ್ಕೈಪ್ ಇದೆ, ಹಾಗೇನೂ ಇಲ್ಲ ಅಂತ ಮೇಷ್ಟ್ರು ನಗ್ತಾ ಹೇಳಿದರು. ನಗ್ತಾನೇ ಇದ್ದರು. ಹುಡುಗ ನನ್ನ ಪಕ್ಕ ಕೂತು ಬೆಂಗಳೂರಿನಲ್ಲಿ ಸೆಖೆ ಎಷ್ಟು ಅಂತ ಕೇಳಿದ, ಪರ್ತ್‌ನಲ್ಲಿ ಅದಕ್ಕಿಂತ ಜಾಸ್ತಿಯಂತೆ. ಮೂವತ್ತು ವರ್ಷದ ಹಿಂದೆ ಮೇಷ್ಟ್ರ ಅಣ್ಣಂದಿರಿಬ್ಬರು ಲಂಡನ್ನಿಗೆ ಹೋಗಿದ್ದರು. ನಮ್ಮ ಕಾಲಕ್ಕೆ ಅದು ಮುಗೀತು ಅಂದುಕೊಂಡಿದ್ದೆವು ಅಂತ ಅವರ ಹೆಂಡತಿ ಒಂದೇ ಒಂದು ಸಲ ಹೇಳಿದರು, ತಟ್ಟೆ ತೊಳೀತಾ.

2012ರ ಜೂನಿನಲ್ಲಿ ಯುರೋ ಫುಟ್‌ಬಾಲ್. ಇದನ್ನ ಹೇಳದೆ ಐರಿಷರ ಕಥೆ ಮುಗಿಯಲ್ಲ. ದುಡ್ಡಿಲ್ಲದ ಜನ ಅದ್ಯಾವ ಸಾಲ ಮಾಡಿದರೋ, ಸಾವಿರಾರು ಮಂದಿ ಪೋಲೆಂಡಿಗೆ ಹೋದರು. 'ನಾವು ಕೆಲಸದಲ್ಲಿದ್ದೀವಿ ಅಂತ ಏಂಜೆಲಾ ಮರ್ಕೆಲ್ ಅಂದುಕೊಂಡಿದ್ದಾಳೆ' ಅಂತ ಬರೆದ ಬಾವುಟ ಒಂದು ಅಲ್ಲಿ ಹಾರಾಡಿತು. ಗ್ಡಾನ್ಸ್ಕ್‌ನಲ್ಲಿ ಸ್ಪೇನ್ ವಿರುದ್ಧ ಪಂದ್ಯ. ಒಂದಾದ ಮೇಲೊಂದು, ನಾಲ್ಕು ಗೋಲು ತಿಂದರು. ಇವರದು ಸೊನ್ನೆ. ಆಟ ಮುಗಿಯೋಕೆ ಕೆಲವೇ ನಿಮಿಷ ಇದ್ದಾಗ ಇಡೀ ಗ್ಯಾಲರಿ 'ದಿ ಫೀಲ್ಡ್ಸ್ ಆಫ್ ಅಥೆನ್ರೈ' ಹಾಡೋಕೆ ಶುರು ಮಾಡಿತು. ಸೋತು ಟೂರ್ನಿಯಿಂದ ಹೊರಬೀಳ್ತಿರೋ ತಂಡಕ್ಕೆ, ಗೆದ್ದವರಿಗಿಂತ ಜೋರಾಗಿ. ಸೀಟಿ ಊದಿದ ಮೇಲೂ ನಿಲ್ಲಿಸಲಿಲ್ಲ.

ಡಬ್ಲಿನ್ನಿನ ಪಬ್ಬಿನಲ್ಲಿ ನಾವು ಮೂವರೂ ಇದ್ದೆವು. ಮೇಷ್ಟ್ರು ಎದ್ದು ನಿಂತು ಹಾಡ್ತಿದ್ದರು. ಅಕ್ಕ ಕೈ ಕಟ್ಟಿಕೊಂಡು ಕೂತಿದ್ದಳು. ಅಷ್ಟರಲ್ಲಿ ಬ್ರಿಟಿಷ್ ಚಾನೆಲ್ಲಿನಲ್ಲಿ ರಾಯ್ ಕೀನ್, ಅವರ ಹಳೇ ಕ್ಯಾಪ್ಟನ್, ಇಲ್ಲಿಗೆ ಬರೋದು ಬರೀ ಹಾಡು ಹೇಳೋಕಲ್ಲ, ಈ ಮನೋಭಾವ ಬದಲಾಗಬೇಕು ಅನ್ನೋ ಥರ ಮಾತಾಡಿದ. ಕೀನ್ ಕಾರ್ಕಿನವನು. 'ನೋಡಿ, ನಮ್ಮೂರಿನವನೊಬ್ಬನೇ ನಿಜ ಹೇಳೋದು. ಬ್ಯಾಂಕು ಮುಳುಗಿದಾಗಲೂ ಹಾಡಿದ್ವಿ, ಈಗಲೂ ಹಾಡ್ತಿದ್ದೀವಿ. ಗ್ರೀಸಿನವರು ಬೀದಿಗಾದ್ರೂ ಇಳಿದರು' ಅಂತ ಅಕ್ಕ ಎಗರಿಬಿದ್ದಳು. ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. 'ಸೋತಾಗ ಎದ್ದು ಹೋಗೋದು ಸುಲಭ' ಅಂತಷ್ಟೇ ಅಂದರು. ನನಗೆ ಆ ಹಾಡಿನ ಕಥೆ ಗೊತ್ತಿರಲಿಲ್ಲ, ಮಾರನೇ ದಿನ ಹುಡುಕಿದೆ. ಬರಗಾಲದಲ್ಲಿ ಮಕ್ಕಳ ಹೊಟ್ಟೆಗೆ ಅಂತ ಜೋಳ ಕದ್ದವನೊಬ್ಬನನ್ನ ಬ್ರಿಟಿಷರು ಹಡಗು ಹತ್ತಿಸಿ ಕಳಿಸೋ ಕಥೆ. ಹಡಗು ಹೋಗೋದು ಆಸ್ಟ್ರೇಲಿಯಾಕ್ಕೆ.

ನಾನು ಆಗಸ್ಟಿನಲ್ಲಿ ಬೆಂಗಳೂರಿಗೆ ವಾಪಸ್ ಬಂದೆ. ನವೆಂಬರಿನಲ್ಲಿ, ಐಎಂಎಫ್ ಅಲ್ಲಿಗೆ ಬಂದು ಎರಡು ವರ್ಷ ಆಗೋ ವಾರದಲ್ಲೇ, ಐರ್ಲೆಂಡ್ ನಮ್ಮ ಕನ್ನಡ ಪೇಪರಿನ ಮುಖಪುಟಕ್ಕೂ ಬಂತು. ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್, ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. 31 ವರ್ಷ. 17 ವಾರದ ಗರ್ಭ ಉಳಿಯಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಕೇಳಿಕೊಂಡರೂ, ಭ್ರೂಣದ ಎದೆಬಡಿತ ಇನ್ನೂ ಇದೆ ಅಂತ ನಿರಾಕರಿಸಿದ್ದರು. ನಂಜು ಮೈಗೆಲ್ಲ ಏರಿತು. ಅಲ್ಲಿನ ಕಾನೂನು ಹಾಗಿತ್ತು. ಡಬ್ಲಿನ್ನಿನಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು.

ಅಕ್ಕನಿಂದ ಮೇಲ್ ಬಂತು. ಸಬ್ಜೆಕ್ಟ್ ಲೈನ್ ಖಾಲಿ. 'ಅವಳು ನಿಮ್ಮ ಸೀಮೆಯವಳಂತೆ. ಪಾರ್ಲಿಮೆಂಟಿನ ಮುಂದೆ ನಿಂತು ಬಂದೆ. ನಿನಗೆ ಏನು ಬರೀಬೇಕು ಅಂತ ಗೊತ್ತಾಗ್ತಿಲ್ಲ.' ಅಷ್ಟೇ. ಎರಡು ವರ್ಷದಲ್ಲಿ ಅವಳು ಜೋಕಿಲ್ಲದೆ ಬರೆದ ಮೊದಲ ಮೇಲ್ ಅದು. ನಮ್ಮೂರಿಗೂ ಬೆಳಗಾವಿಗೂ ನಾನೂರು ಕಿಲೋಮೀಟರ್, ನನಗೆ ಅವರ ಪರಿಚಯ ಇಲ್ಲ ಅಂತ ಒಂದು ಸಾಲು ಟೈಪ್ ಮಾಡಿದೆ, ಅಳಿಸಿದೆ. ಎರಡು ದಿನ ಬಿಟ್ಟು, ನಿಂತು ಬಂದಿದ್ದಕ್ಕೆ ಥ್ಯಾಂಕ್ಸ್ ಅಂತ ಬರೆದೆ. ಮಳೆ ಇತ್ತಾ ಅಂತ ಕೇಳಿದೆ. ಇತ್ತು ಅಂತ ಉತ್ತರ ಬಂತು.